ವೇದಾವತಿ ಉಸುಕಿನಲ್ಲಿ ಕ್ಯಾಂಪರ್ ಟ್ರೇಲರ್: ದಾವಣಗೆರೆಯಿಂದ ಪರಶುರಾಂಪುರಕ್ಕೆ ನಾಲ್ಕು ದಿನ

ಮೊದಲ ದಿನ: ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ವಾಣಿವಿಲಾಸಪುರ

ಉಸುಕಿನ ದಾರಿಯ ಅರ್ಧ ಕೆಲಸ ದಾವಣಗೆರೆಯಲ್ಲೇ ಮುಗಿಯಬೇಕು. ಫೆಬ್ರವರಿ ಬೆಳಿಗ್ಗೆ ಐದೂವರೆಗೆ ಮೆಕ್ಕೆಜೋಳದ ಲಾರಿಗಳ ಹಿಂದೆ ವೇಬ್ರಿಡ್ಜ್‌ನಲ್ಲಿ ಸರದಿ. ಗಾಡಿಯಿಂದ ಬಿಚ್ಚಿ ಅದೊಂದನ್ನೇ ನಿಲ್ಲಿಸಿದಾಗ ಟ್ರೇಲರ್ 720 ಕೆ.ಜಿ. ತೂಗಿತು. ಖಾಲಿ ಇದ್ದಾಗ ಅದು 510. ಉಳಿದ 210ರಲ್ಲಿ 60 ಲೀಟರ್ ನೀರು, ಸಣ್ಣ ಗ್ಯಾಸ್ ಸಿಲಿಂಡರ್, ಬ್ಯಾಟರಿ, ಡೇರೆ, ಅಡುಗೆ ಪೆಟ್ಟಿಗೆ, ಎರಡನೇ ಸ್ಟೆಪ್ನಿ ಎಲ್ಲಾ ಸೇರಿವೆ. ಕಣ್ಣಂದಾಜಿನಲ್ಲಿ ತೂಕ ಹೇಳುವವರು ಯಾವಾಗಲೂ ಕಡಿಮೆಯೇ ಹೇಳುತ್ತಾರೆ. ತೂಕದ ಚೀಟಿಯನ್ನು ಗಾಡಿಯ ಕೈಪಿಡಿಯಲ್ಲಿ ಬರೆದಿರುವ ಎಳೆಯುವ ಮಿತಿಯ ಪಕ್ಕ ಇಟ್ಟು ನೋಡಿ. ಟ್ರೇಲರ್‌ಗೂ ಆರ್‌ಟಿಒ ನೋಂದಣಿ ಬೇಕು, ಅದರ ಕಾಗದವೂ ಜೊತೆಗಿರಲಿ.

ಒಟ್ಟು ತೂಕಕ್ಕಿಂತ ಮುಖ್ಯವಾದದ್ದು ಮೂಕಿಯ, ಅಂದರೆ ಗಾಡಿಗೆ ಕೊಂಡಿ ಹಾಕುವ ಮುಂದಿನ ದಂಡದ ಮೇಲಿನ ಭಾರ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂಭಾರವಾದರೆ ಮೂಕಿ ಎದ್ದು ಕೊರಳ ಹಗ್ಗ ಎತ್ತಿನ ಗಂಟಲಿಗೆ ಬಿಗಿಯುತ್ತದೆ, ಮುಂಭಾರವಾದರೆ ನೊಗ ಹೆಗಲು ಒತ್ತುತ್ತದೆ. ಟ್ರೇಲರ್‌ಗೂ ಅದೇ ಲೆಕ್ಕ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಷ್ಟು ಮೂಕಿಯ ಮೇಲೆ ಕೂರಬೇಕು. ಅಳೆಯಲು ಮನೆಯ ತೂಕದ ಯಂತ್ರ ಸಾಕು: ಟ್ರೇಲರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಗಾಲಿಗೆ ಅಡ್ಡ ಕಲ್ಲು ಕೊಟ್ಟು, ಟೋ ಬಾಲ್ (ಗಾಡಿಯ ಹಿಂದೆ ಟ್ರೇಲರ್ ಕೊಂಡಿ ಕೂರುವ ಉಕ್ಕಿನ ಗುಂಡು) ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಬರುವಂತೆ ಒಂದು ಮರದ ತುಂಡನ್ನು ಯಂತ್ರದ ಮೇಲೆ ನಿಲ್ಲಿಸಿ, ಮೂಕಿಯನ್ನು ಅದರ ಮೇಲೆ ಇಳಿಸಿ. ಇಲ್ಲಿ 74 ಕೆ.ಜಿ. ಬಂತು. ಮೂಕಿ ಎತ್ತರದಲ್ಲಿ ಎರಡು ಇಂಚು ವ್ಯತ್ಯಾಸವಾದರೂ ಓದು ಬದಲಾಗುತ್ತದೆ, ಅದಕ್ಕೇ ಎತ್ತರ ಸರಿಯಾಗಿರಬೇಕು.

ಈ 74 ಪ್ರವಾಸ ಪೂರ್ತಿ 74 ಆಗಿಯೇ ಉಳಿಯುವುದಿಲ್ಲ. ನೀರಿನ ಟ್ಯಾಂಕ್ ಅಚ್ಚಿಗಿಂತ ಅರ್ಧ ಮೀಟರ್ ಮುಂದೆ ಇದೆ, ಅಚ್ಚಿನಿಂದ ಕೊಂಡಿಗೆ ಎರಡೂವರೆ ಮೀಟರ್. ಟ್ಯಾಂಕ್ ಪೂರ್ತಿ ಖಾಲಿಯಾದರೆ ಮೂಕಿಯಿಂದ 12 ಕೆ.ಜಿ. ಇಳಿಯುತ್ತದೆ, 62 ಉಳಿಯುತ್ತದೆ. ಅಷ್ಟಕ್ಕೇ ಆಗಿದ್ದರೆ ಚಿಂತೆಯಿಲ್ಲ. ಆದರೆ ಅಚ್ಚಿನಿಂದ ಒಂದೂವರೆ ಮೀಟರ್ ಹಿಂದಿರುವ ಹಿಂಬಾಗಿಲ ಪೆಟ್ಟಿಗೆಗೆ ಯಾರೋ 30 ಕೆ.ಜಿ. ಸೌದೆ ತುಂಬಿದರೆ ಇನ್ನೂ 18 ಕೆ.ಜಿ. ಹೋಗಿ ಮೂಕಿಯಲ್ಲಿ 44 ಮಾತ್ರ ಉಳಿಯುತ್ತದೆ. ಆಗ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಬೀಸಲು ಶುರು ಮಾಡುತ್ತದೆ. ಆದ್ದರಿಂದ ಭಾರದ ಸಾಮಾನೆಲ್ಲ ಅಚ್ಚಿನ ಮೇಲೆ ಅಥವಾ ಸ್ವಲ್ಪ ಮುಂದೆ, ತಳದಲ್ಲಿ. ಹಿಂದೆ ಹಾಸಿಗೆ, ಬಟ್ಟೆ.

ಕೊಂಡಿ ಹಾಕಿದ ಮೇಲೆ ಸುರಕ್ಷತಾ ಸರಪಣಿ ಎರಡನ್ನೂ ಮೂಕಿಯ ಅಡಿಯಲ್ಲಿ ಕತ್ತರಿ ಆಕಾರದಲ್ಲಿ ಅಡ್ಡಡ್ಡ ಹಾಕಬೇಕು. ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ಚುಚ್ಚಿಕೊಳ್ಳದೆ ಆ ತೊಟ್ಟಿಲಲ್ಲಿ ಕೂರುತ್ತದೆ. ಆಮೇಲೆ ಬ್ರೇಕ್ ದೀಪ, ಇಂಡಿಕೇಟರ್ ಪರೀಕ್ಷೆ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ 48ನೇ ರಾಷ್ಟ್ರೀಯ ಹೆದ್ದಾರಿ, ಸುಮಾರು 60 ಕಿ.ಮೀ. ಗಾಡಿಯ ಮುಂದಿನ ಟೈರಿಗೆ 34, ಹಿಂದಿನದಕ್ಕೆ 38, ಟ್ರೇಲರ್‌ಗೆ 32 ಪಿಎಸ್‌ಐ ಗಾಳಿ. ವೇಗ 75 ದಾಟಿಸಲಿಲ್ಲ. ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಅದರ ಗಾಳಿ ಟ್ರೇಲರನ್ನು ಮೊದಲು ಆಚೆ ತಳ್ಳಿ ಆಮೇಲೆ ತನ್ನ ಕಡೆ ಎಳೆಯುತ್ತದೆ. ಬಾಲ ಬೀಸಿದರೆ ಬ್ರೇಕ್ ಒತ್ತಬಾರದು, ಸ್ಟೀರಿಂಗ್ ತಿರುಗಿಸಿ ಸರಿಪಡಿಸಲು ಹೋಗಬಾರದು. ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು ಸ್ಟೀರಿಂಗ್ ನೇರ ಹಿಡಿದರೆ ತಾನಾಗಿ ಕುದುರುತ್ತದೆ. 50 ಕಿ.ಮೀ. ಆದ ಮೇಲೆ ನಿಲ್ಲಿಸಿ ಟ್ರೇಲರ್ ಗಾಲಿಯ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು. ಹೊಸದಾಗಿ ಗಾಲಿ ಬಿಚ್ಚಿ ಹಾಕಿದ್ದರೆ ಇದನ್ನು ಮರೆಯಲೇಬಾರದು.

ಸಂಜೆ ವಾಣಿವಿಲಾಸಪುರ. ಇಲ್ಲಿನ ಅಣೆಕಟ್ಟಿಗೂ ಮುಂದಿನ ದಾರಿಗೂ ನೇರ ಸಂಬಂಧ ಇದೆ. 1907ರಲ್ಲಿ ಮುಗಿದ ಈ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 89 ವರ್ಷಗಳ ನಂತರ, 2022ರಲ್ಲಿ. 2025ರ ಜನವರಿಯಲ್ಲಿ ಇನ್ನೊಮ್ಮೆ ತುಂಬಿತು. ಹಾಗೆ ನೀರು ಹರಿದ ಮೇಲೆ ಕೆಳಗಿನ ವೇದಾವತಿ ಪಾತ್ರದ ಉಸುಕು ಜಾಗ ಬದಲಿಸುತ್ತದೆ. 2022ಕ್ಕಿಂತ ಹಿಂದಿನ ಮ್ಯಾಪಿನ ಗೆರೆ, ಯಾರೋ ಉಳಿಸಿಟ್ಟ ಜಿಪಿಎಸ್ ಜಾಡು ಇವನ್ನು ನಂಬಿ ಹೊಳೆ ದಾಟುವ ಜಾಗಕ್ಕೆ ಇಳಿಯುವುದು ಬೇಡ.

ಎರಡನೇ ದಿನ: ಹಿರಿಯೂರು, ಚಳ್ಳಕೆರೆ, ಪರಶುರಾಂಪುರದ ಕಡೆ

ಹಿರಿಯೂರಿನಿಂದ ಚಳ್ಳಕೆರೆಗೆ 150ಎ ಹೆದ್ದಾರಿ. ಚಳ್ಳಕೆರೆಯಲ್ಲಿ ಡೀಸೆಲ್ ತುಂಬಿಸಿಕೊಂಡು ಹೊರಡಿ. ಡಾಂಬರಿನ ಮೇಲೆ ಕೊಡುವ ಮೈಲೇಜ್ ಉಸುಕಿನಲ್ಲಿ ಟ್ರೇಲರ್ ಕಟ್ಟಿಕೊಂಡಾಗ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಕುಡಿಯುವ ನೀರನ್ನು ಹಳ್ಳಿಯ ಬೋರ್‌ವೆಲ್‌ನಿಂದ ತುಂಬಬಾರದು, ಈ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ. ಚಿಲ್ಲರೆ ಇಟ್ಟುಕೊಂಡಿರಿ.

ಚಳ್ಳಕೆರೆ ಸೀಮೆಯಲ್ಲಿ ಮ್ಯಾಪ್ ನೋಡಿಕೊಂಡು ಓಡಿಸುವವರು ಒಂದು ಮಾತು ತಿಳಿದಿರಬೇಕು. ಕುದಾಪುರದ ಕಡೆಯ ಅಮೃತಮಹಲ್ ಕಾವಲುಗಳಲ್ಲಿ ದೊಡ್ಡ ಭಾಗ ಈಗ ಡಿಆರ್‌ಡಿಒ, ಐಐಎಸ್‌ಸಿಯಂಥ ಸಂಸ್ಥೆಗಳ ಗೋಡೆ, ಬೇಲಿಯೊಳಗಿದೆ. ಹಳೇ ಬಂಡಿದಾರಿ ಮೂರು ಕಿ.ಮೀ. ಹೋಗಿ ಗೋಡೆಗೆ ಮುಟ್ಟಿ ನಿಂತರೆ, ಟ್ರೇಲರ್ ಸಮೇತ ಉಸುಕಿನಲ್ಲಿ ಹಿಂದಕ್ಕೆ ಬರುವ ಕಷ್ಟ ನಿಮ್ಮದಾಗುತ್ತದೆ. ನಡೆದೋ ಬೈಕಿನಲ್ಲೋ ಹೋಗಿ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂದು ನೋಡಿ ಬಂದ ಮೇಲೆ ಟ್ರೇಲರ್ ಒಳಗೆ ಬಿಡಿ.

ಪರಶುರಾಂಪುರ ಕಳೆದು ಡಾಂಬರು ಬಿಟ್ಟ ಜಾಗದಲ್ಲಿ ಗಾಳಿ ಇಳಿಸುವ ಕೆಲಸ. ಇಲ್ಲಿಂದ ಮುಂದಿನ ಇಡೀ ಪ್ರವಾಸ ಈ ಇಪ್ಪತ್ತು ನಿಮಿಷದ ಮೇಲೆ ನಿಂತಿದೆ. ಗಟ್ಟಿ ಮಣ್ಣಿನ ದಾರಿಗೆ ಮೊದಲು 26ಕ್ಕೆ ಇಳಿಸಿ, ಉಸುಕು ಶುರುವಾದಾಗ ಗಾಡಿಯ ನಾಲ್ಕೂ ಟೈರು 18, ಟ್ರೇಲರ್‌ನ ಎರಡೂ 16. ಟ್ರೇಲರ್ ಟೈರ್ ಒಂದೊಂದರ ಮೇಲೆ ಸುಮಾರು 320 ಕೆ.ಜಿ. ಮಾತ್ರ ಇರುವುದರಿಂದ ಅದು ಇನ್ನೂ ಕಡಿಮೆಗೂ ತಡೆಯುತ್ತದೆ. ಬಹಳ ಜನ ಗಾಡಿಯ ನಾಲ್ಕು ಟೈರ್ ಇಳಿಸಿ ಟ್ರೇಲರ್‌ನ ಎರಡನ್ನು ಹಾಗೇ ಬಿಡುತ್ತಾರೆ. ಎಳೆಯುವ ಗಾಲಿ ತೇಲಿಕೊಂಡು ಹೋದರೂ ಹಿಂದಿನ ಗಟ್ಟಿ ಗಾಲಿ ನೇಗಿಲಿನ ಹಾಗೆ ಸೀಳಿಕೊಂಡು ಬಂದರೆ ಏನೂ ಲಾಭವಿಲ್ಲ. ಗಾಡಿ ಹೂತಿತು ಎಂದು ದೂರುವವರಲ್ಲಿ ಬಹುಪಾಲು ಮಂದಿಯ ತಪ್ಪು ಇದೇ.

ಗಾಳಿ ಇಳಿಸಿದರೆ ಟೈರ್ ಅಗಲವಾಗುತ್ತದೆ ಎನ್ನುವುದು ಅರ್ಧ ನಿಜ. ಅಗಲಕ್ಕಿಂತ ಹೆಚ್ಚಾಗಿ ನೆಲ ಮುಟ್ಟುವ ಭಾಗ ಉದ್ದವಾಗುತ್ತದೆ. ಅದೇ ಭಾರ ಉದ್ದನೆಯ ಪಾದದ ಮೇಲೆ ಹಂಚಿಹೋಗುವುದರಿಂದ ಗಾಲಿ ಆಳಕ್ಕೆ ಇಳಿಯುವುದಿಲ್ಲ, ಗಾಲಿಯ ಮುಂದೆ ಉಸುಕಿನ ಗುಡ್ಡೆ ಏಳುವುದಿಲ್ಲ. ಆ ಗುಡ್ಡೆ ಹತ್ತುವುದರಲ್ಲೇ ಎಂಜಿನ್ನಿನ ಶಕ್ತಿಯೆಲ್ಲ ಕರಗುವುದು. ಬಿಸಿಯಾದ ಟೈರಿನಲ್ಲಿ ಗಾಳಿ 4 ಪಿಎಸ್‌ಐವರೆಗೂ ಹೆಚ್ಚಿಗೆ ತೋರುತ್ತದೆ. ಹೆದ್ದಾರಿಯಿಂದ ಬಂದ ಕೂಡಲೇ ಇಳಿಸಿದ್ದರೆ ಟೈರ್ ಆರಿದ ಮೇಲೆ ಇನ್ನೊಮ್ಮೆ ಗೇಜ್ ಹಿಡಿದು ನೋಡಿ. ಟೈರ್ ಅಂಚನ್ನು ಬಿಗಿದು ಹಿಡಿಯುವ ಬೀಡ್‌ಲಾಕ್ ಇಲ್ಲದ ಡಿಸ್ಕಿನಲ್ಲಿ 12ಕ್ಕಿಂತ ಕೆಳಗೆ ಬೇಡ, ತಿರುವಿನಲ್ಲಿ ಟೈರ್ ಅಂಚು ಡಿಸ್ಕಿನಿಂದ ಕಳಚುತ್ತದೆ. ಇಷ್ಟು ಕಡಿಮೆ ಗಾಳಿಯಲ್ಲಿ 40 ಕಿ.ಮೀ. ವೇಗ ಮೀರಬಾರದು, ಟೈರಿನ ಬದಿ ಮಡಚಿ ಮಡಚಿ ಒಳಗೇ ಬೇಯುತ್ತದೆ.

ಗಾಳಿ ಇಳಿಸಿದ ಟೈರಿಗೆ ಇಲ್ಲಿನ ದೊಡ್ಡ ಶತ್ರು ಬಳ್ಳಾರಿ ಜಾಲಿ. ಹೊಲದ ಬೇಲಿಗೆ ಕಡಿದು ಹಾಕಿದ ಜಾಲಿ ಕೊಂಬೆ ದಾರಿಗೆ ಬಿದ್ದಿರುತ್ತದೆ, ಒಣಗಿದ ಮುಳ್ಳು ಮೊಳೆಯಷ್ಟೇ ಗಟ್ಟಿ. ಉಬ್ಬಿದ ಬದಿಗೆ ಚುಚ್ಚಿದರೆ ಪಂಕ್ಚರ್ ದಾರ ಹಿಡಿಯುವುದಿಲ್ಲ. ಮುಂದೆ ಒಬ್ಬರು ನಡೆದು ಕೊಂಬೆ ಎತ್ತಿಹಾಕುವುದೇ ಸರಿಯಾದ ದಾರಿ. ಗಾಡಿಗೂ ಟ್ರೇಲರ್‌ಗೂ ಒಂದೇ ಅಳತೆಯ ಟೈರ್, ಒಂದೇ ಬೋಲ್ಟ್ ಅಳತೆಯ ಡಿಸ್ಕ್ ಇದ್ದರೆ ಎರಡು ಸ್ಟೆಪ್ನಿ ಆರು ಗಾಲಿಗೂ ಆಗುತ್ತದೆ. ಎರಡರ ಗಾಲಿ ಅಂತರವೂ ಒಂದೇ ಆಗಿದ್ದರೆ ಇನ್ನೂ ಒಳ್ಳೆಯದು. ಗಾಡಿಯ ಗಾಲಿ ತುಳಿದು ಗಟ್ಟಿ ಮಾಡಿದ ಜಾಡಿನಲ್ಲೇ ಟ್ರೇಲರ್ ಬರುತ್ತದೆ. ಅಂತರ ಬೇರೆಯಾದರೆ ಅದು ಪಕ್ಕದಲ್ಲಿ ತನ್ನದೇ ಹೊಸ ಸಾಲು ಹೊಡೆಯುತ್ತದೆ.

ಶೇಂಗಾ ಕಿತ್ತು ಖಾಲಿಯಾದ ಹೊಲಗಳ ನಡುವಿನ ಕೆಂಪು ಉಸುಕಿನ ದಾರಿಯಲ್ಲಿ ಫೋರ್ ಲೋ (ನಾಲ್ಕೂ ಗಾಲಿಗೆ ಶಕ್ತಿ ಕೊಡುವ ನಿಧಾನದ, ಹೆಚ್ಚು ಬಲದ ಹಂತ), ಎರಡನೇ ಗೇರ್, ಗಂಟೆಗೆ 12ರಿಂದ 15 ಕಿ.ಮೀ. ನಾಲ್ಕೂ ಗಾಲಿ ಎಳೆಯುವ ವೇಗದ ಹಂತವಾದ ಫೋರ್ ಹೈನಲ್ಲಿ ಒಂದನೇ ಗೇರ್ ಹಾಕಿ ಕ್ಲಚ್ ಅರ್ಧ ಒತ್ತಿ ಎಳೆಸಿದರೆ ಹತ್ತು ನಿಮಿಷದಲ್ಲಿ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಗೇರನ್ನು ಉಸುಕಿಗೆ ಇಳಿಯುವ ಮುಂಚೆ ಹಾಕಿ, ನಡುವೆ ಬದಲಿಸಬೇಡಿ. ಗೇರ್ ಬದಲಿಸುವ ಆ ಒಂದು ಕ್ಷಣದಲ್ಲೇ ಟ್ರೇಲರ್ ಗಾಡಿಯನ್ನು ಹಿಡಿದು ನಿಲ್ಲಿಸಿಬಿಡುತ್ತದೆ. ನಿಲ್ಲಬೇಕಾದಾಗಲೂ ಬ್ರೇಕ್ ಬೇಡ. ಬ್ರೇಕ್ ಒತ್ತಿದರೆ ಆರು ಗಾಲಿಯ ಮುಂದೆಯೂ ಒಂದೊಂದು ಗುಡ್ಡೆ ಕೂಡುತ್ತದೆ, ಮತ್ತೆ ಹೊರಡುವಾಗ ಆರನ್ನೂ ಹತ್ತಬೇಕು. ಆಕ್ಸಿಲರೇಟರ್ ಬಿಟ್ಟರೆ ಉಸುಕೇ ನಿಲ್ಲಿಸುತ್ತದೆ. ಆದಷ್ಟು ಇಳಿಜಾರಿನ ಕಡೆ ಮುಖ ಮಾಡಿ ನಿಲ್ಲಿ.

ಎರೆ ಹೊಲ ಸಿಕ್ಕರೆ ಈ ಲೆಕ್ಕವೆಲ್ಲ ತಲೆಕೆಳಗು. ಒಣಗಿದ್ದರೆ ಎರೆ ಗಟ್ಟಿ ರಸ್ತೆ. ಒಂದು ಹದ ಮಳೆ ಬಿದ್ದರೆ ಗಾಲಿಗೆ ಮೆತ್ತಿ ಮಡ್‌ಗಾರ್ಡ್ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ, ಗಾಳಿ ಇಳಿಸಿದರೂ ಪ್ರಯೋಜನವಿಲ್ಲ. ಮೋಡ ಕಂಡರೆ ಆ ದಾರಿ ಬಿಟ್ಟುಬಿಡಿ.

ರಾತ್ರಿ ಬಿಡಾರ ಹೊಲದ ಯಜಮಾನರನ್ನು ಕೇಳಿ, ಕುರಿ ಮಂದೆ ಹಾಕಿದ್ದ ಹೊಲದ ಪಕ್ಕದಲ್ಲಿ. ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಲಿಲ್ಲ. ಬಿಎಸ್ 6 ಡೀಸೆಲ್ ಗಾಡಿಯ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತನ್ನನ್ನು ತಾನು ಸುಟ್ಟು ಚೊಕ್ಕಟ ಮಾಡಿಕೊಳ್ಳುವಾಗ ಒಳಗಿನ ಶಾಖ 500 ಡಿಗ್ರಿ ದಾಟುತ್ತದೆ. ಅಡಿಯಲ್ಲಿ ಸಿಕ್ಕಿಕೊಂಡ ಹುಲ್ಲಿಗೆ ಅಷ್ಟು ಬೇಕೇ ಇಲ್ಲ. ದಿನಕ್ಕೊಮ್ಮೆ ಬಗ್ಗಿ ಸೈಲೆನ್ಸರ್ ಪೈಪಿನ ಮೇಲಿನ ಹುಲ್ಲು ಕೀಳಿ. ಕುರಿಗೆ ಮೇವಾಗುವ ಹುಲ್ಲು ಹೊತ್ತಿಕೊಂಡರೆ ಇನ್ನೊಬ್ಬರ ಬದುಕಿಗೆ ಬೆಂಕಿ ಇಟ್ಟಂತೆ.

ಮೂರನೇ ದಿನ: ಹೊಳೆ ದಂಡೆ

ಬೆಳಿಗ್ಗೆ ಆರೂವರೆಗೇ ಹೊರಟದ್ದಕ್ಕೆ ಕಾರಣ ಇಬ್ಬನಿ. ತೇವದ ಉಸುಕು ಒಂದಕ್ಕೊಂದು ಹಿಡಿದುಕೊಂಡಿರುತ್ತದೆ, ಹತ್ತು ಗಂಟೆಯ ಬಿಸಿಲಿಗೆ ಅದೇ ದಾರಿ ಸಡಿಲ. ವೇದಾವತಿಯ ಉಸುಕು ದಪ್ಪ ಕಾಳಿನದು, ಗ್ರಾನೈಟ್ ಕಲ್ಲು ಸವೆದು ಬಂದದ್ದು. ಅಂಗೈಯಲ್ಲಿ ಉಜ್ಜಿದರೆ ರಾಗಿಗಿಂತ ದೊಡ್ಡ ಕಾಳುಗಳು ಉರುಳುತ್ತವೆ. ಗಾಲಿಯಡಿಯಲ್ಲೂ ಹಾಗೇ ಉರುಳುವುದರಿಂದ ಇಲ್ಲಿ ಗಾಳಿಯನ್ನು ಇನ್ನೂ ಇಳಿಸಿ ಗಾಡಿಗೆ 15, ಟ್ರೇಲರ್‌ಗೆ 14.

ಹೊಳೆಯೊಳಗೆ ಉದ್ದಕ್ಕೂ ಓಡಿಸುವುದು ಸಲ್ಲದು. ಟ್ರ್ಯಾಕ್ಟರ್, ಎತ್ತಿನ ಗಾಡಿ ಅಡ್ಡ ದಾಟುವ ಜಾಡಿದ್ದರೆ ಅದಷ್ಟೇ ಸಾಕು, ಅದನ್ನೂ ಮೊದಲು ಕಾಲಲ್ಲಿ ನಡೆದು ನೋಡಬೇಕು. ದಂಡೆಯಲ್ಲಿದ್ದ ಕುರಿಗಾಹಿ ಕೂಗಿ ಹೇಳಿದ ಮಾತು: "ಅಣ್ಣ, ಎಡಕ್ಕೆ ಹೋಗ್ಬ್ಯಾಡ್ರಿ, ಉಸುಕು ತೆಗ್ದಿರೋ ಗುಂಡಿ ಐತೆ." ಮರಳು ಎತ್ತಿದ ಗುಂಡಿ ಮೇಲೆ ಗಾಳಿಗೆ ತೂರಿದ ಸಡಿಲ ಉಸುಕು ತುಂಬಿಕೊಂಡು ಸಮತಟ್ಟಾಗಿಯೇ ಕಾಣುತ್ತದೆ. ಒಂದು ಕೋಲು ಚುಚ್ಚುತ್ತಾ ನಡೆಯಿರಿ. ಮೊಳಕಾಲುದ್ದ ಸಲೀಸಾಗಿ ಇಳಿದರೆ ಅಲ್ಲಿ ಗಾಲಿ ಇಡಬೇಡಿ.

ದಾಟಿದ ಮೇಲೆ ಆಚೆ ದಂಡೆ ಏರುವ ತಿರುವಿನಲ್ಲಿ ಟ್ರೇಲರ್ ಹೂತಿತು. ಗಾಡಿ ತಿರುಗಿದಾಗ ಟ್ರೇಲರ್ ಯಾವಾಗಲೂ ಒಳಗಿನಿಂದ ಬಳಸುತ್ತದೆ. ತುಳಿದ ಜಾಡು ಬಿಟ್ಟು ಎಡಗಾಲಿ ಹೊಸ ಉಸುಕಿಗೆ ಇಳಿಯಿತು, ಗಾಡಿಯ ವೇಗ ತಗ್ಗಿತು. ತಿರುವನ್ನು ಇನ್ನೆರಡು ಮೀಟರ್ ಅಗಲವಾಗಿ ತೆಗೆದುಕೊಂಡಿದ್ದರೆ ಆಗುತ್ತಿರಲಿಲ್ಲ. ಗಾಡಿ ಮುಂದಕ್ಕೆ ಹೋಗುತ್ತಿಲ್ಲ ಎನ್ನಿಸಿದ ಕ್ಷಣವೇ ಆಕ್ಸಿಲರೇಟರ್ ಬಿಡಬೇಕು. ಇನ್ನೊಂದು ಐದು ಸೆಕೆಂಡ್ ಗಾಲಿ ಸುತ್ತಿಸಿದರೆ ಗಾಡಿಯ ಅಚ್ಚಿನ ನಡುವಿನ ಡಿಫರೆನ್ಷಿಯಲ್ ಗುಂಡು ಉಸುಕಿನ ಮೇಲೆ ಕೂರುತ್ತದೆ, ಹತ್ತು ನಿಮಿಷದ ಕೆಲಸ ಎರಡು ಗಂಟೆಗೆ ಹೋಗುತ್ತದೆ.

ಮೊದಲ ಉಪಾಯ ಬಂದ ಜಾಡಿನಲ್ಲೇ ಹಿಂದಕ್ಕೆ ಬರುವುದು. ಇಲ್ಲೊಂದು ಸೂಕ್ಷ್ಮ ಇದೆ. ಈ ಟ್ರೇಲರ್‌ನದು ನೂಕು ಬ್ರೇಕ್: ಗಾಡಿ ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ನೂಕಿ ಕೊಂಡಿಯ ದಂಡ ಒಳಗೆ ಸರಿದು ಬ್ರೇಕ್ ಹಿಡಿಯುತ್ತದೆ. ಹಿಂದಕ್ಕೆ ತಳ್ಳಿದಾಗಲೂ ಅದು ಹಾಗೇ ಒಳಗೆ ಸರಿದು ಬ್ರೇಕ್ ಕಚ್ಚುತ್ತದೆ. ಗಾಲಿ ತಿರುಗದೆ ಹಿಂದಕ್ಕೆ ಉಜ್ಜುತ್ತಾ ಇನ್ನೂ ಆಳಕ್ಕೆ ಹೋಗುತ್ತದೆ. ಮೂಕಿಯ ಮೇಲಿನ ಲಾಕ್ ಪಟ್ಟಿಯನ್ನು ಅಡ್ಡ ಮಡಚಿ ದಂಡ ಸರಿಯದಂತೆ ಮಾಡಿದ ಮೇಲೆಯೇ ರಿವರ್ಸ್. ಹೊರಡುವ ಮುಂಚೆ ಅದನ್ನು ಮತ್ತೆ ತೆಗೆಯಬೇಕು, ಇಲ್ಲವಾದರೆ ಟ್ರೇಲರ್‌ಗೆ ಬ್ರೇಕೇ ಇರುವುದಿಲ್ಲ. ಸ್ಟೀರಿಂಗ್ ನೇರ ಇಟ್ಟು ಒಂದು ಗಾಡಿಯುದ್ದ ಬಂದರೆ ಸಾಕು, ಹೆಚ್ಚು ಬಂದರೆ ಮೂಕಿ ಮಡಚಿಕೊಂಡು ಗಾಡಿಯ ಮೂಲೆಗೆ ಬಡಿಯುತ್ತದೆ.

ಹಿಂದಕ್ಕೂ ಬರಲಿಲ್ಲ. ಆಗ ಸಲಿಕೆ. ಆರೂ ಗಾಲಿಯ ಮುಂದೆ ಒಂದು ಮೊಳ ಉದ್ದದ ಇಳಿಜಾರು ತೋಡಿ, ಟ್ರೇಲರ್ ಅಚ್ಚಿನ ಅಡಿಯ ಉಸುಕನ್ನೂ ಎಳೆದು ಹಾಕಿದ್ದಾಯಿತು. ಅಚ್ಚು ಉಸುಕಿಗೆ ತಾಗಿದ್ದರೆ ಅದು ಲಂಗರು. ಜನ ಗಾಲಿ ಮಾತ್ರ ಬಿಡಿಸಿ ಅಚ್ಚನ್ನು ಮರೆಯುತ್ತಾರೆ. ಗಾಳಿ 12ಕ್ಕೆ ಇಳಿಸಿ, ಗಾಲಿಗೆ ಹಿಡಿತ ಕೊಡುವ ಪ್ಲಾಸ್ಟಿಕ್ ಹಲ್ಲಿನ ಹಲಗೆ ಎರಡನ್ನು ಗಾಡಿಯ ಹಿಂದಿನ ಗಾಲಿಯ ಅಡಿಗೆ ತುರುಕಿ, ಮೆಲ್ಲಗೆ ಎಳೆಸಿ ನೋಡಿದ್ದಾಯಿತು. ಹಲಗೆಯ ಮೇಲೆ ಗಾಲಿ ಸುತ್ತಿದರೆ ಪ್ಲಾಸ್ಟಿಕ್ ಹಲ್ಲು ಕರಗಿಹೋಗುತ್ತದೆ, ಆದ್ದರಿಂದ ಹತ್ತಿದರೆ ಹತ್ತಿತು, ಇಲ್ಲದಿದ್ದರೆ ನಿಲ್ಲಿಸುವುದು.

ಗಾಡಿ ಒಂದು ಗೇಣು ಸರಿದು ನಿಂತಿತು. ಇನ್ನು ಟ್ರೇಲರ್ ಬಿಚ್ಚುವುದೇ ಸರಿ. ಮುಂಗಾಲಿ, ಅಂದರೆ ಮೂಕಿಯ ಸಣ್ಣ ಜಾಕಿ ಗಾಲಿ, ಉಸುಕಿಗೆ ಇಳಿದೇ ಹೋಗುತ್ತದೆ. ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ದಪ್ಪ ಪ್ಲೈವುಡ್ ಅದರ ಅಡಿಗೆ ಇಡಬೇಕು. ಟೈರ್ ಬದಲಿಸುವ ಜಾಕ್‌ಗೂ ಇದೇ ಹಲಗೆ. ಟ್ರೇಲರ್ ಗಾಲಿಗೆ ಅಡ್ಡ ಕೊಟ್ಟು, ದೀಪದ ಪ್ಲಗ್ ಕಿತ್ತು, ಕೊಂಡಿ ಬಿಚ್ಚಿ, ಕೊನೆಗೆ ಸರಪಣಿ. ಬಿಡುಗಡೆಯಾದ ಗಾಡಿ ಹಲಗೆ ಹತ್ತಿ ತಾನಾಗಿ ಗಟ್ಟಿ ನೆಲಕ್ಕೆ ಹೋಯಿತು.

ಅಲ್ಲಿಂದ ಟ್ರೇಲರ್ ಎಳೆಯಲು ಹಿಗ್ಗದ ಪಟ್ಟಿ ಬಳಸಬೇಕು. ರಬ್ಬರಿನಂತೆ ಹಿಗ್ಗುವ ಸ್ನ್ಯಾಚ್ ಪಟ್ಟಿಯಿಂದ ಓಡಿ ಜಗ್ಗಿದರೆ ಮೂಕಿಯ ಬೆಸುಗೆ ಬಿಡಬಹುದು. ಪಟ್ಟಿಯನ್ನು ಟೋ ಬಾಲ್‌ಗೆ ಎಂದೂ ಸಿಕ್ಕಿಸಬಾರದು. ಅದು ಎಳೆಯುವುದಕ್ಕೆ ಇರುವುದು, ಜಗ್ಗುವುದಕ್ಕಲ್ಲ. ಜಗ್ಗಿದಾಗ ಮುರಿದರೆ ಆ ಉಕ್ಕಿನ ಗುಂಡು ತೋಪಿನ ಗುಂಡಿನ ಹಾಗೆ ಹಾರುತ್ತದೆ, ಎದುರಿಗಿದ್ದವರ ಜೀವ ತೆಗೆಯುತ್ತದೆ. ಟೋ ಬಾಲ್ ಇರುವ ಕಬ್ಬಿಣದ ತುಂಡನ್ನು ಗಾಡಿಯ ಹಿಂದಿನ ಕೊಳವೆಯಿಂದ ಹೊರತೆಗೆದು, ಪಟ್ಟಿಯ ಕಣ್ಣನ್ನು ಕೊಳವೆಯೊಳಗೆ ತೂರಿಸಿ ಅದೇ ದಪ್ಪ ಪಿನ್ ಹಾಕಿದರೆ ಗಟ್ಟಿ. ಪಟ್ಟಿಯ ನಡುವೆ ಒದ್ದೆ ಗೋಣಿಚೀಲ ಹೊದಿಸಿ, ಎಲ್ಲರೂ ಪಟ್ಟಿಯ ಉದ್ದದ ಒಂದೂವರೆ ಪಟ್ಟು ದೂರ ನಿಂತು, ಫೋರ್ ಲೋ ಒಂದನೇ ಗೇರಿನಲ್ಲಿ ಪಟ್ಟಿ ಬಿಗಿದುಕೊಂಡ ಮೇಲೆಯೇ ಎಳೆಯಬೇಕು. ಟ್ರೇಲರ್ ಮೂರೇ ನಿಮಿಷದಲ್ಲಿ ಹೊರಬಂತು. ಒಟ್ಟು ಹಿಡಿದದ್ದು ಐವತ್ತು ನಿಮಿಷ. ಟ್ರೇಲರ್ ಬಿಚ್ಚಲು ಬೇಸರಪಟ್ಟು ಗಾಡಿ ಸಮೇತ ಜಗ್ಗಾಡುವವರು ಮಧ್ಯಾಹ್ನದವರೆಗೆ ಅಲ್ಲೇ ಇರುತ್ತಾರೆ. ತೋಡಿದ ಗುಂಡಿ ಮುಚ್ಚಿ ಹೊರಡಿ, ಹಿಂದೆ ಎತ್ತಿನ ಗಾಡಿ ಬರುತ್ತದೆ.

ರಾತ್ರಿ ಹೊಳೆಯ ಉಸುಕಿನಲ್ಲಿ ಡೇರೆ ಹಾಕಬೇಡಿ. ಆಕಾಶ ನಿರ್ಮಲವಾಗಿದ್ದರೂ ಮೇಲಿನಿಂದ ನೀರು ಬಿಟ್ಟರೆ ಪಾತ್ರ ತುಂಬುತ್ತದೆ.

ನಾಲ್ಕನೇ ದಿನ: ಚಳ್ಳಕೆರೆ, ನಾಯಕನಹಟ್ಟಿ, ಜಗಳೂರು, ದಾವಣಗೆರೆ

ಡಾಂಬರು ಮುಟ್ಟಿದ ಕೂಡಲೇ ಆರು ಟೈರಿಗೂ ಗಾಳಿ. ಸಣ್ಣ ಕಂಪ್ರೆಸರ್‌ಗೆ ಟೈರಿಗೆ ಐದು ನಿಮಿಷ ಹಿಡಿಯುತ್ತದೆ. ಮೂರು ಟೈರಾದ ಮೇಲೆ ಅದಕ್ಕೆ ಹತ್ತು ನಿಮಿಷ ಬಿಡುವು ಕೊಡಿ. ವೈರನ್ನು ಸಿಗರೇಟ್ ಸಾಕೆಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ, ಎಂಜಿನ್ ಚಾಲೂ ಇಟ್ಟು ನೇರ ಬ್ಯಾಟರಿಗೆ ಕ್ಲಿಪ್ ಹಾಕಿ. ನೂಕು ಬ್ರೇಕಿನ ಲಾಕ್ ಪಟ್ಟಿ ತೆಗೆದಿದೆಯೇ ಎಂದು ಇಲ್ಲಿ ಇನ್ನೊಮ್ಮೆ ನೋಡಿ.

ನಾಯಕನಹಟ್ಟಿ ಮೇಲೆ ಬರುವವರು ಫಾಲ್ಗುಣದ ತಿಪ್ಪೇರುದ್ರಸ್ವಾಮಿ ತೇರಿನ ದಿನಗಳನ್ನು ಬಿಟ್ಟು ಬರಬೇಕು, ಆ ಜನಜಂಗುಳಿಯಲ್ಲಿ ಟ್ರೇಲರ್ ತಿರುಗಿಸಲು ಜಾಗವಿರುವುದಿಲ್ಲ. ಜಗಳೂರಿನಲ್ಲಿ ನಿಲ್ಲಿಸಿ ಟ್ರೇಲರ್ ಗಾಲಿಯ ಹಬ್, ಅಂದರೆ ಬೇರಿಂಗ್ ಕೂರುವ ನಡುಭಾಗದ ಮೇಲೆ ಅಂಗೈ ಇಟ್ಟು ನೋಡಿದಾಗ ಬಲಗಡೆ ಬೆಚ್ಚಗೆ, ಎಡಗಡೆ ಐದು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾಯಿತು. ಹೂತಿದ್ದ ಗಾಲಿ ಅದೇ. 50ರ ವೇಗದಲ್ಲಿ ನಿಲ್ಲಿಸಿ ನಿಲ್ಲಿಸಿ ದಾವಣಗೆರೆಗೆ ಬಂದು ಬಿಚ್ಚಿದಾಗ ಹಿಂದಿನ ಸೀಲಿನ ತುಟಿ ಹರಿದಿತ್ತು, ಗ್ರೀಸ್ ಬೂದು ಬಣ್ಣಕ್ಕೆ ತಿರುಗಿ ಬೆರಳಿನ ನಡುವೆ ಉಜ್ಜಿದರೆ ಕರಕರ ಎನ್ನುತ್ತಿತ್ತು. ಬಿಸಿ ಹಬ್ ತಣ್ಣನೆ ನೀರಿಗೆ ಇಳಿದರೂ ಹೀಗೇ ಆಗುತ್ತದೆ. ಒಳಗಿನ ಗಾಳಿ ಕುಗ್ಗಿ ಸೀಲಿನ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಹಳ್ಳ ದಾಟುವ ಮುಂಚೆ ಕಾಲು ಗಂಟೆ ನಿಲ್ಲಿಸುವುದು ಅದಕ್ಕೇ.

ಬೇರಿಂಗ್ ಎರಡನ್ನೂ ಡೀಸೆಲ್‌ನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ರೋಲರಿನ ಮೇಲೆ ಉಗುರು ಆಡಿಸಿ ನೋಡಬೇಕು. ಉಗುರಿಗೆ ಗೀರು ಸಿಕ್ಕರೆ ಬೇರಿಂಗನ್ನೂ ಅದರ ಹೊರಬಳೆಯನ್ನೂ ಜೊತೆಯಾಗಿಯೇ ಬದಲಿಸಬೇಕು. ನುಣುಪಾಗಿದ್ದರೆ ಹೊಸ ಗ್ರೀಸನ್ನು ಅಂಗೈಯಲ್ಲಿ ಹಾಕಿಕೊಂಡು, ಬೇರಿಂಗಿನ ದಪ್ಪ ಅಂಚನ್ನು ಒತ್ತುತ್ತಾ ಗ್ರೀಸ್ ಆಚೆ ಬದಿಯಿಂದ ಮೂಡುವವರೆಗೆ ತುಂಬಿ. ಸೀಲ್ ಹೊಸದು. ಗಾಲಿ ತಿರುಗಿಸುತ್ತಲೇ ಕೋಟೆ ನಟ್ (ಪಿನ್ ಕೂರಲು ತಲೆಯಲ್ಲಿ ಸೀಳುಗಳಿರುವ ನಟ್) ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಬೆರಳಲ್ಲೇ ಮತ್ತೆ ಬಿಗಿದು, ಹತ್ತಿರದ ರಂಧ್ರಕ್ಕೆ ಹಿಂದಕ್ಕೆ ತಂದು ನಿಲ್ಲಿಸಿ. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕಂಡೂ ಕಾಣದಷ್ಟು ಆಟ ಇರಬೇಕು. ಕಾಟರ್ ಪಿನ್ ಹೊಸದೇ ಹಾಕಿ, ಒಮ್ಮೆ ಬಗ್ಗಿಸಿದ ಪಿನ್ ಮತ್ತೆ ಬಗ್ಗಿಸಿದರೆ ಕತ್ತಿನಲ್ಲೇ ಮುರಿಯುತ್ತದೆ.